ಮ್ಯೂಸಿಕ್ ಅಣ್ಣನ ಕಿವಿ

ಔಷಧಿ ಕಾರ್ಖಾನೆಯ ಸಿಬ್ಬಂದಿಯನ್ನು ಬೆಳಗ್ಗೆ ಕರೆದೊಯ್ದು ಸಂಜೆ ತಂದು ಬಿಡುವ ಬಿಳಿ ವ್ಯಾನಿನ ಡ್ರೈವರನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಲೈಸೆನ್ಸಿನ ಮೇಲೆ ಬಿಟ್ಟರೆ ಅದು ಇನ್ನೆಲ್ಲೂ ಯಾರಿಗೂ ಬೇಕಾಗಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಮ್ಯೂಸಿಕ್ ಅಣ್ಣ. ಬೇರೆ ವ್ಯಾನುಗಳಲ್ಲಿ ಜನ ಹತ್ತಿದ ಕೂಡಲೇ ಕಿಟಕಿಗೆ ತಲೆಯಾನಿಸಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು. ಅವನ ವ್ಯಾನಿನಲ್ಲಿ ಮಾತ್ರ ಎಲ್ಲರೂ ಕಣ್ಣು ಬಿಟ್ಟುಕೊಂಡಿರುತ್ತಿದ್ದರು, ಯಾಕೆಂದರೆ ರೈಲ್ವೆ ಗೇಟು ದಾಟಿದ ಮೇಲೆ ಅವನು ‘ಇವತ್ತಿನದು’ ಹಾಕುತ್ತಿದ್ದ.

ಇವತ್ತಿನದು ಏನು ಬೇಕಾದರೂ ಆಗಿರಬಹುದಿತ್ತು. ಒಂದು ದಿನ ಮರಳುಗಾಡಿನ ಹಾಡುಗಾರರು ಗಂಟಲು ಹರಿಯುವ ಹಾಗೆ ಕೂಗುವುದು. ಮಾರನೇ ದಿನ ಯಾರೋ ಒಬ್ಬನೇ ಪಿಯಾನೋ ಮುಂದೆ ಕೂತು, ಹೇಳಲೋ ಬೇಡವೋ ಎಂಬಂತೆ ಒಂದೊಂದೇ ಸ್ವರ ಬಿಡುವುದು. ಆಮೇಲೆ ಜಾಝ್, ಅದರ ಬೆನ್ನಿಗೇ ಒಂದೇ ರಾಗವನ್ನು ಹಿಡಿದು ಬಿಡದ ಆಲಾಪ, ಉದ್ದ ಕೂದಲಿನವರ ರಾಕ್, ಹೆಂಗಸರು ಬಟ್ಟೆ ಒಗೆಯುತ್ತ ಹಾಡಿಕೊಂಡದ್ದು, ಹಿತ್ತಾಳೆ ತುತ್ತೂರಿಯ ಬ್ಯಾಂಡು. ಹಾಕುವ ಮೊದಲು ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನೊಮ್ಮೆ ನೋಡಿ, ಗಂಟಲು ಸರಿ ಮಾಡಿಕೊಂಡು ಎರಡು ಮಾತು ಹೇಳುತ್ತಿದ್ದ. “ಈಯಮ್ಮ ಸಾಲಿನ ಕೊನೇಲಿ ಉಸಿರು ತಗೊಳ್ತಾಳಲ್ಲ, ಅದನ್ನ ಕೇಳಿ. ಹಾಡು ಇರೋದೇ ಅಲ್ಲಿ.” ಅಕೌಂಟ್ಸ್ ಮೇಡಂ ತಿಂಡಿ ಡಬ್ಬಿಯನ್ನು ಮಡಿಲಲ್ಲಿ ಅವುಚಿಕೊಂಡು ಕಣ್ಣು ಮುಚ್ಚುತ್ತಿದ್ದರು. ಬೈಗುಳಕ್ಕೆ ಬಿಟ್ಟರೆ ಬಾಯಿ ತೆರೆಯದ ಸ್ಟೋರ್ ಸಾಹೇಬರು, “ಎಲ್ಲಿಂದ ಹುಡುಕ್ತೀಯಪ್ಪ ಇವನ್ನೆಲ್ಲ?” ಎಂದು ಬೆರಗಾಗುತ್ತಿದ್ದರು. “ಹೀಗೇ ಸಾರ್, ಕಿವಿ ತೆರೆದಿಟ್ಕೊಂಡ್ರೆ ತಾನಾಗೇ ಸಿಗುತ್ತೆ,” ಎನ್ನುತ್ತಿದ್ದ ಅವನು.

ಆ ಕಿವಿ ಅವನದಲ್ಲ. ಇದನ್ನು ಈಗಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಅವನು ಬಹಳ ದಿನ ಹೇಳಲಿಲ್ಲ. ಕಿವಿ ಅವನ ಹೆಂಡತಿಯದು, ಬಾಯಿ ಮಾತ್ರ ಅವನದು.

ಹೆಂಡತಿ ಮನೆಯಲ್ಲೇ ಕೂತು ಕಚೇರಿಗಳಿಗೆ ಟೈಪ್ ಮಾಡಿಕೊಡುತ್ತಿದ್ದಳು. ಸಭೆ, ವಿಚಾರಣೆ, ಸಂದರ್ಶನ ಹೀಗೆ ಜನ ಮಾತಾಡಿದ್ದರ ರೆಕಾರ್ಡಿಂಗು ಬರುತ್ತಿತ್ತು. ಅದನ್ನು ಕೇಳಿ ಒಂದಕ್ಷರ ಬಿಡದೆ ಬರಹಕ್ಕಿಳಿಸಬೇಕು. ಹಾಲ್‌ನ ಕಿಟಕಿ ಪಕ್ಕ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಕೆಳಗೆ ಹೊಲಿಗೆ ಮಿಷನ್ನಿನದರಂಥ ಒಂದು ಪೆಡಲು. ಮುಂಗಾಲಿನಿಂದ ಒತ್ತಿದರೆ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ, ಹಿಮ್ಮಡಿಯಿಂದ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಮಾತು ಮಾತ್ರವಲ್ಲ, ಯಾರಾದರೂ ಕೆಮ್ಮಿದರೆ, ನಕ್ಕರೆ, ಬಾಗಿಲು ಬಡಿದರೆ ಅದನ್ನೂ ಆವರಣದಲ್ಲಿ ಹಾಕಬೇಕೆಂಬುದು ಆ ಕೆಲಸದ ಕಟ್ಟಳೆ. ಹಗಲೆಲ್ಲ ಕಂಡವರ ವಾದವಿವಾದ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತೆಂದು ಸಂಜೆ ಅವಳು ಸಂಗೀತ ಹುಡುಕಲು ಕೂರುತ್ತಿದ್ದಳು. ಯಾವ ದೇಶದ್ದು, ಯಾವ ಭಾಷೆಯದು ಎಂಬ ಭೇದ ಅವಳಿಗಿರಲಿಲ್ಲ.

ಅವನು ಪಾತ್ರೆ ತೊಳೆದು ಕೈ ಒರೆಸಿಕೊಂಡು ಬಂದರೆ ಅವಳು ಪಕ್ಕದ ಸ್ಟೂಲು ತೋರಿಸಿ ಇಯರ್‌ಫೋನಿನ ಒಂದು ತುದಿಯನ್ನು ಅವನ ಕಿವಿಗಿಡುತ್ತಿದ್ದಳು. ಇನ್ನೊಂದು ತುದಿ ಅವಳ ಕಿವಿಯಲ್ಲಿ. ವೈರು ಗಿಡ್ಡ, ಹಾಗಾಗಿ ತಲೆಗೆ ತಲೆ ತಾಗಿಸಿ ಕೂರಬೇಕಾಗಿತ್ತು. ಕೇಳುತ್ತ ಕೇಳುತ್ತ ಅವಳು ಏನೋ ಹೇಳುತ್ತಿದ್ದಳು, ಕೆಲವೊಮ್ಮೆ ಕಥೆಯನ್ನೇ ಕಟ್ಟುತ್ತಿದ್ದಳು. “ಈ ತುತ್ತೂರಿಯೋನಿಗೆ ಮನೆ ಬೀಗದಕೈ ಕಳೆದುಹೋಗಿದೆ ರೀ, ಅದಕ್ಕೇ ನುಡಿಸೋದು ನಿಲ್ಲಿಸ್ತಿಲ್ಲ.” ಅವನು ನಗುತ್ತಿದ್ದ. ಮರುದಿನ ರೈಲ್ವೆ ಗೇಟು ದಾಟಿದ ಮೇಲೆ ಅದೇ ಮಾತು ಅವನ ಸ್ವಂತದ್ದಾಗಿ, ಸ್ವಲ್ಪ ಉಪ್ಪು ಖಾರ ಹಚ್ಚಿಸಿಕೊಂಡು, ವ್ಯಾನಿನ ತುಂಬ ಹರಡುತ್ತಿತ್ತು. ಕದಿಯುತ್ತಿದ್ದೇನೆ ಎಂದು ಅವನಿಗೆ ಅನಿಸಿರಲಿಲ್ಲ. ಗಂಡ ಹೆಂಡಿರ ನಡುವೆ ಕಳ್ಳತನವೆಂಥದು ಎಂದು, ಯಾರೂ ಕೇಳದಿದ್ದರೂ, ತನಗೆ ತಾನೇ ಹೇಳಿಕೊಂಡಿದ್ದ. ಹಾಗೆ ಹೇಳಿಕೊಳ್ಳಬೇಕಾಗಿ ಬಂತು ಎಂಬುದರಲ್ಲೇ ಗೊತ್ತಾಗಬೇಕಿತ್ತು.

ಹೀಗಿರುವಾಗ ಒಂದು ಸಂಜೆ ಅವಳು ಚೆಲ್ಲೋ ಕೇಳಿಸಿದಳು. ಪಿಟೀಲಿನ ದೊಡ್ಡಣ್ಣ, ಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ವಾದ್ಯ. ಹಳೆಯ ರೆಕಾರ್ಡಿಂಗು. ತಗ್ಗಿದ ದನಿಯಲ್ಲಿ ನಿಧಾನವಾಗಿ ಸಾಗುತ್ತಿದ್ದ ಅದರ ಅಡಿಯಲ್ಲೆಲ್ಲೋ ಮರದ ಮೇಲೆ ತಟ್ಟಿದ ಸದ್ದು. ಟಕ್. ಆಮೇಲೆ ಟಕ್ ಟಕ್. ನುಡಿಸುವವನ ಕಾಲೇ ಇರಬೇಕು.

“ಕೇಳಿಸ್ತಾ ಆ ಸದ್ದು?” ಎಂದಳು. “ಒಳಗಿನ ರೂಮಿಂದ ಯಾರೋ ಕರೀತಿದ್ದಾರೆ. ಇವನು ನುಡಿಸ್ತಾನೇ ಇದ್ದಾನೆ. ಇವನಿಗೆ ಗೊತ್ತೇ ಆಗ್ತಿಲ್ಲ.”

ಅವನು “ಹೂಂ” ಎಂದ. ಚೆನ್ನಾಗಿದೆ, ನಾಳೆಗಾಯಿತು ಎಂದುಕೊಂಡ. ಅವಳು ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಆ ಸಲ ಅವಳು ನಗಲೂ ಇಲ್ಲ, ಅದನ್ನು ಅವನು ಗಮನಿಸಲೂ ಇಲ್ಲ.

ಮರುದಿನ ವ್ಯಾನಿನಲ್ಲಿ ಅಷ್ಟೇ ಹೇಳಿದ್ದರೆ ಕಥೆ ತೀರಾ ಚಿಕ್ಕದಾಗುತ್ತಿತ್ತು. ಒಳಗೆ ಕರೆಯುತ್ತಿದ್ದವರು ಯಾರು ಎಂದು ಅವನ ಹಿಂದಿನ ಸೀಟಿನಲ್ಲೇ ಕೂರುವ ಲ್ಯಾಬ್ ಹುಡುಗಿ ಕೇಳಿಯೇ ಕೇಳುತ್ತಾಳೆ. ಸ್ಟಿಯರಿಂಗ್ ತಿರುಗಿಸುತ್ತ ಅವನು ಕೈಗೆ ಸಿಕ್ಕಿದ್ದನ್ನು ಸೇರಿಸಿದ. ನುಡಿಸುವವನಿಗೆ ಒಬ್ಬ ಅಪ್ಪ. ಅಪ್ಪನಿಗೆ ಲಕ್ವ ಹೊಡೆದು ಮಾತು ನಿಂತಿತ್ತು, ಬಲಗೈ ಬಿದ್ದುಹೋಗಿತ್ತು. ಏನು ಬೇಕಾದರೂ ಎಡಗೈಯಲ್ಲಿ ಮಂಚ ತಟ್ಟಿ ಕರೆಯಬೇಕು. ಅವತ್ತು ತಟ್ಟಿದ, ತಟ್ಟಿದ. ಮಗ ಸಂಗೀತದಲ್ಲಿ ಮುಳುಗಿದ್ದ. ತಟ್ಟುವುದು ನಿಂತಾಗ ಅಪ್ಪ ಇರಲಿಲ್ಲ. “ಎಲ್ಲೋ ಓದಿದ್ದೆ,” ಎಂದು ಮುಗಿಸಿದ.

ಅಕೌಂಟ್ಸ್ ಮೇಡಂ ಸೆರಗಿನಿಂದ ಕಣ್ಣೊತ್ತಿಕೊಂಡರು. “ಎಂಥಾ ಪಾಪಿ ಮಗನಯ್ಯಾ,” ಎಂದರು ಸ್ಟೋರ್ ಸಾಹೇಬರು, ಮತ್ತು ಅವತ್ತೇ ಆ ಚೆಲ್ಲೋವನ್ನು ತಮ್ಮ ಫೋನಿನ ರಿಂಗ್‌ಟೋನ್ ಮಾಡಿಸಿಕೊಂಡರು. ಅಷ್ಟು ದೊಡ್ಡ ಮನ್ನಣೆ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಸಂಜೆ ಮನೆಗೆ ಬರುವಾಗ ಸಿಳ್ಳೆ ಹಾಕಿಕೊಂಡು ಬಂದ.

ಆ ಅಪ್ಪ, ಆ ಬಿದ್ದುಹೋದ ಬಲಗೈ, ಆ ಮಂಚ ಎಲ್ಲಿಂದ ಕೈಗೆ ಸಿಕ್ಕಿದವು ಎಂದು ಅವನು ಯೋಚಿಸಲಿಲ್ಲ. ಅವನ ಮಾವ, ಹೆಂಡತಿಯ ಅಪ್ಪ, ಹಿಂದಿನ ವರ್ಷ ತೀರಿಕೊಳ್ಳುವ ತನಕ ಅವನ ಮನೆಯ ಒಳಗಿನ ರೂಮಿನಲ್ಲೇ ಹಾಗೆ ಮಲಗಿದ್ದರು.

ಬಸ್ಸಿನವರು ಮುಷ್ಕರ ಹೂಡಿದ ದಿನ ಹೆಂಡತಿಗೆ ಕಚೇರಿಗೆ ಹೋಗಲೇಬೇಕಾದ ಕೆಲಸ ಬಿತ್ತು. ದಾರಿಯಲ್ಲೇ ಇದ್ದ ಕಚೇರಿ. ಬೇಡ ಎನ್ನಲು ಅವನಿಗೆ ನೆಪ ಸಿಗಲಿಲ್ಲ. ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಇವತ್ತು ಎಲ್ಲರೂ ನಿದ್ದೆ ಮಾಡಲಿ ದೇವರೇ ಎಂದುಕೊಂಡ. ಯಾರೂ ಮಾಡಲಿಲ್ಲ.

“ಅತ್ತಿಗೆ, ನಿಮ್ಮನೆಯವರು ನಮಗೆಲ್ಲ ಹೊಸ ಕಿವಿ ಕೊಟ್ಟಿದ್ದಾರೆ ಗೊತ್ತಾ?” ಎಂದು ಲ್ಯಾಬ್ ಹುಡುಗಿ ಮುಂದಕ್ಕೆ ಬಾಗಿದಳು. “ಆ ಹಾಡೋರ ಉಸಿರು, ಆ ಬೀಗದಕೈ ಕಳ್ಕೊಂಡ ತುತ್ತೂರಿಯೋನು... ಹೇಗೆ ಹೊಳೆಯುತ್ತೋ ಇವ್ರಿಗೆ!”

ಹೆಂಡತಿ ಅವನತ್ತ ತಿರುಗಿದಳು. ಅವನು ರಸ್ತೆಯಲ್ಲಿಲ್ಲದ ಹಳ್ಳವೊಂದನ್ನು ತಪ್ಪಿಸಿದ.

“ಹೌದಾ?” ಎಂದಳು ಅವಳು. “ಹೇಗೆ ಹೊಳೆಯುತ್ತೋ ನನಗೂ ಗೊತ್ತಿಲ್ಲಮ್ಮ.”

“ಮನೇಲೂ ಹೀಗೇ ಪಾಠ ಹೇಳ್ತಾರಾ?” ಎಂದರು ಅಕೌಂಟ್ಸ್ ಮೇಡಂ.

“ಮನೇಲಿ ಪಾತ್ರೆ ತೊಳೀತಾರೆ.”

ಎಲ್ಲರೂ ನಕ್ಕರು. ಅವನ ಕಿವಿ ಬಿಸಿಯಾಯಿತು. ಆದರೂ ಓರೆಗಣ್ಣಿನಲ್ಲಿ ನೋಡಿದರೆ ಅವಳ ತುಟಿಯಂಚಿನಲ್ಲಿ ನಗು ಇತ್ತು. ಸಂಜೆ ಚೆನ್ನಾಗಿ ರೇಗಿಸಿ ಬಿಟ್ಟುಬಿಡುತ್ತಾಳೆ, ಅಷ್ಟೇ ತಾನೆ ಎಂದು ಅವನು ಉಸಿರು ಬಿಡುವಷ್ಟರಲ್ಲಿ ಸ್ಟೋರ್ ಸಾಹೇಬರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತಗ್ಗಿದ ದನಿಯ ಚೆಲ್ಲೋ. ಟಕ್. ಟಕ್ ಟಕ್.

“ಇದರ ಕಥೆ ನಿಮಗೂ ಹೇಳಿರಬೇಕಲ್ಲ ಅತ್ತಿಗೆ?” ಎಂದಳು ಹುಡುಗಿ. ಹೇಳಿರದಿದ್ದರೆ ಎಂದು ತಾನೇ ಹೇಳಿದಳು. ಒಂದನ್ನೂ ಬಿಡಲಿಲ್ಲ: ಲಕ್ವ, ಎಡಗೈ, ಮಂಚ, ನಿಂತುಹೋದ ಸದ್ದು. “ಪಾಪಿ ಮಗ ಅಂದ್ರು ನಮ್ ಸಾಹೇಬ್ರು. ನನಗೂ ಹಾಗೇ ಅನ್ನಿಸ್ತು. ಅಪ್ಪ ಅಲ್ಲಿ ಸಾಯ್ತಿದ್ರೆ ಇಲ್ಲಿ ಇವನಿಗೆ ಕೇಳಿಸಲ್ಲ ಅಂದ್ರೆ ಏನರ್ಥ ಹೇಳಿ?”

ಹೆಂಡತಿ ಮಡಿಲಲ್ಲಿದ್ದ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಂಡಳು. “ಹೌದು,” ಎಂದಳು. “ಏನರ್ಥ.”

ಕಚೇರಿಯ ಮುಂದೆ ಇಳಿಯುವಾಗ ಎಲ್ಲರಿಗೂ ಬರ್ತೀನಿ ಎಂದಳು. ಅವನಿಗೂ ಹೇಳಿದಳು, ಹೊರಗಿನವರಿಗೆ ಹೇಳುವ ಹಾಗೆ.

ಕಾರ್ಖಾನೆಯ ತನಕ ವ್ಯಾನು ಹೇಗೆ ಓಡಿತೋ ಅವನಿಗೆ ಗೊತ್ತಿಲ್ಲ. ಎಲ್ಲರನ್ನೂ ಇಳಿಸಿ ಷೆಡ್ಡಿನಲ್ಲಿ ನಿಲ್ಲಿಸಿ ಅಲ್ಲೇ ಕೂತ. ಈಗ ಒಂದೊಂದಾಗಿ ನೆನಪಿಗೆ ಬಂದವು. ಮಾವನಿಗೆ ತಟ್ಟಿ ಕರೆಯಲು ಒಂದು ಸ್ಟೀಲ್ ಚಮಚ ಕೊಟ್ಟಿದ್ದರು. ಮಾವ ತೀರಿಕೊಂಡ ಮಧ್ಯಾಹ್ನ ಅವನು ಮನೆಗೆ ಬಂದಾಗ ಹೆಂಡತಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಟೈಪ್ ಮಾಡುತ್ತಿದ್ದಳು. ಒಳಗೆ ಹೋಗಿ ನೋಡಿದವನು ಅವನೇ. ಚಮಚ ನೆಲದ ಮೇಲೆ ಬಿದ್ದಿತ್ತು. ನಿದ್ದೆಯಲ್ಲೇ ಹೋದರು ಎಂದು ಬಂದವರಿಗೆಲ್ಲ ಹೇಳಿದವನೂ ಅವನೇ, ಚಮಚವನ್ನು ತೊಳೆದು ಸ್ಟ್ಯಾಂಡಿನಲ್ಲಿ ಇಟ್ಟವನೂ ಅವನೇ. ಅವಳು ಅದನ್ನು ಯಾವಾಗಲೂ ಉಳಿದ ಚಮಚಗಳ ಹಿಂದೆ ಸರಿಸುತ್ತಿದ್ದಳು. ಅವನು ಪ್ರತಿದಿನ ಅದನ್ನೇ ಹುಡುಕಿ ತೆಗೆದು ಟೀಗೆ ಸಕ್ಕರೆ ಕದಡುತ್ತಿದ್ದ, ಹಿಡಿ ಉದ್ದ ಎಂದು.

ಇನ್ನೊಂದೂ ಇತ್ತು. ಹೆಡ್‌ಫೋನು ಹಾಕಿಕೊಂಡವಳನ್ನು ಕರೆಯಬೇಕಾದರೆ ಅವನು ಹಿಂದಿನಿಂದ ಬಂದು ಮೇಜಿನ ಅಂಚನ್ನು ಬೆರಳ ಗೆಣ್ಣಿನಿಂದ ಕುಟ್ಟುತ್ತಿದ್ದ. ಒಂದು ವರ್ಷದಿಂದ ಅವಳು ಅದಕ್ಕೆ ಬೆಚ್ಚಿಬೀಳುತ್ತಿದ್ದಳು. ದೆವ್ವ ಕಂಡವಳ ಹಾಗೆ ಆಡ್ತಾಳೆ ಎಂದು ಅದನ್ನೂ ವ್ಯಾನಿನಲ್ಲಿ ತಮಾಷೆಯಾಗಿ ಹೇಳಿ ನಗಿಸಿದ್ದ. ಷೆಡ್ಡಿನಲ್ಲಿ ಯಾರೂ ಇರಲಿಲ್ಲ, ಆದರೂ ಕನ್ನಡಿಯನ್ನು ಆಚೆ ತಿರುಗಿಸಿದ.

ಸಂಜೆ ಅವಳು ಎರಡೂ ತುದಿಗಳನ್ನು ತನ್ನ ಕಿವಿಗೇ ಹಾಕಿಕೊಂಡು ಕೂತಿದ್ದಳು. ಪಾತ್ರೆ ಮುಗಿದವು, ಸಿಂಕು ಮುಗಿಯಿತು, ತೊಳೆದ ಒಲೆಯನ್ನೇ ಮತ್ತೆ ತೊಳೆದದ್ದಾಯಿತು. ಕೊನೆಗೆ ಎದುರಿಗೆ ಹೋಗಿ ನಿಂತ.

“ತಪ್ಪಾಯ್ತು ಕಣೆ. ನನಗೆ ಗೊತ್ತಾಗ್ಲಿಲ್ಲ.”

ಅವಳು ಇಯರ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ದನಿ ಏರಿಸಲಿಲ್ಲ. “ಅದೇ ರೀ ಬೇಜಾರು. ಗೊತ್ತಿದ್ದೂ ಹೇಳಿದ್ರೆ ನಿಮ್ ಜೊತೆ ಜಗಳನಾದ್ರೂ ಆಡ್ತಿದ್ದೆ.”

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

“ಅವತ್ತು ನನಗೆ ಕೇಳಿಸಲಿಲ್ಲ ಅಂತಲ್ಲ,” ಎಂದಳು. “ಕೇಳಿಸ್ತು. ಯಾವ್ದೋ ಗಲಾಟೆ ಮೀಟಿಂಗು, ಅದ್ರಲ್ಲೇ ಯಾರೋ ಮೇಜು ಕುಟ್ತಿದ್ದಾರೆ ಅಂದ್ಕೊಂಡೆ. ಆವರಣ ಹಾಕಿ ‘ಮೇಜು ಕುಟ್ಟುವ ಸದ್ದು’ ಅಂತ ಟೈಪೂ ಮಾಡ್ದೆ. ಮೂರು ಕಡೆ ಮಾಡ್ದೆ. ಮಾರನೇ ವಾರ ತಿದ್ದೋಕೆ ಕೂತು ಮತ್ತೆ ಕೇಳ್ತೀನಿ, ಆ ಮೀಟಿಂಗಲ್ಲಿ ಯಾರೂ ಏನೂ ಕುಟ್ಟಿಲ್ಲ.”

ಹೊರಗೆ ಯಾರದೋ ಸ್ಕೂಟರು ಹೋಯಿತು. ಅವಳು ಮೇಜಿನ ಮೇಲಿದ್ದ ಇಯರ್‌ಫೋನಿನ ವೈರನ್ನು ನೇರ ಮಾಡಿದಳು.

“ಯಾರ ಹತ್ರನೂ ಹೇಳಿರ್ಲಿಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ. ಆ ಚೆಲ್ಲೋ ಸಿಕ್ಕಿದ ದಿನ ನಿಮ್ ಹತ್ರ ಹೇಳ್ದೆ. ನೀವು ಹೂಂ ಅಂದ್ರಿ. ಗೊತ್ತಾಯ್ತು ನಿಮಗೆ, ಗೊತ್ತಾಗಿಯೂ ಬೈಲಿಲ್ಲ ಅಂದ್ಕೊಂಡೆ. ಅವತ್ತು ರಾತ್ರಿ ಎಷ್ಟೋ ತಿಂಗಳ ಮೇಲೆ ನಿದ್ದೆ ಬಂತು ನನಗೆ.”

ಬೈದಿದ್ದರೆ, ಪಾತ್ರೆ ಎಸೆದಿದ್ದರೆ, ತವರಿಗೆ ಹೋಗುತ್ತೇನೆಂದಿದ್ದರೆ ಅವನು ಏನಾದರೂ ಮಾಡುತ್ತಿದ್ದ. ಇದಕ್ಕೇನು ಮಾಡುವುದು? ಅಡುಗೆಮನೆಗೆ ಹೋಗಿ ಆ ಚಮಚವನ್ನು ಕೈಗೆತ್ತಿಕೊಂಡ. ಎಸೆಯಲು ಮನಸ್ಸು ಬರಲಿಲ್ಲ, ಇಡಲು ಜಾಗ ತೋಚಲಿಲ್ಲ. ಕೊನೆಗೆ ಮಾವನ ಕನ್ನಡಕವಿದ್ದ ಡಬ್ಬಿಯಲ್ಲಿಟ್ಟು ಮುಚ್ಚಿದ.

ಮರುದಿನ ರೈಲ್ವೆ ಗೇಟು ದಾಟಿದ ಮೇಲೆ ಅವನು ಏನೂ ಹಾಕಲಿಲ್ಲ. ಹಿಂದಿನಿಂದ ಕೂಗು ಬಂದಾಗ ಹೇಳಿದ, “ಇಷ್ಟು ದಿನ ಹಾಕಿದ್ದೆಲ್ಲ ನನ್ ಹೆಂಡ್ತಿ ಹುಡುಕಿದ್ದು. ಹೇಳಿದ ಮಾತೂ ಅವಳದೇ. ನನಗೆ ಸಂಗೀತದ ಗಂಧಗಾಳಿ ಇಲ್ಲ.”

ಲ್ಯಾಬ್ ಹುಡುಗಿ ಚಪ್ಪಾಳೆ ತಟ್ಟಿದಳು. “ನೋಡಿದ್ರಾ ಮೇಡಂ, ಎಷ್ಟು ದೊಡ್ಡ ಮನಸ್ಸು!” ಅಕೌಂಟ್ಸ್ ಮೇಡಂ, “ನಮ್ಮನೆಯವರು ಸಾರು ಚೆನ್ನಾಗಿದೆ ಅಂತ ಒಪ್ಕೊಳ್ಳೋಕೂ ಹಿಂದೆಮುಂದೆ ನೋಡ್ತಾರೆ. ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು,” ಎಂದರು. ಅಟ್ಟಕ್ಕೇರಿಸಿದ್ದರಲ್ಲ, ಇಳಿಯುತ್ತೇನೆಂದರೆ ಇನ್ನೂ ಮೇಲಕ್ಕೆ ಹತ್ತಿಸಿದರು. ಅವನಿಗೆ ಸ್ಟಿಯರಿಂಗಿಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು.

ಅಷ್ಟರಲ್ಲಿ ಮತ್ತೆ ಆ ಫೋನು. ಟಕ್. ಟಕ್ ಟಕ್.

“ಸಾರ್, ಅದನ್ನ ಬದಲಾಯಿಸಿ ಸಾರ್.”

“ಯಾಕಯ್ಯಾ? ಪಾಪಿ ನನ್ಮಗನ ನೆನಪು ಇರ್ಲಿ ಅಂತ ಇಟ್ಕೊಂಡಿದೀನಿ.”

ಯಾಕೆಂದು ಹೇಳಹೊರಟರೆ ಹೆಂಡತಿಯನ್ನು ಎರಡನೇ ಸಲ ಇವರ ಬಾಯಿಗೆ ಹಾಕಬೇಕಾಗುತ್ತಿತ್ತು. ಅವನು ವ್ಯಾನನ್ನು ರಸ್ತೆಯ ಪಕ್ಕಕ್ಕೆ ಹಾಕಿ ನಿಲ್ಲಿಸಿದ. ಹಿಂದಕ್ಕೆ ತಿರುಗಿದ. “ಆ ಕಥೆ ಸುಳ್ಳು ಸಾರ್. ಎಲ್ಲೂ ಓದಿಲ್ಲ, ನಾನೇ ಕಟ್ಟಿದ್ದು. ಅದು ನುಡಿಸೋನ ಕಾಲಿನ ಸದ್ದು. ಅಪ್ಪನೂ ಇಲ್ಲ, ಮಂಚನೂ ಇಲ್ಲ. ಅಲ್ಲಿ ಯಾರೂ ಪಾಪ ಮಾಡಿಲ್ಲ.” ಕೊನೆಯ ಮಾತಿಗೆ ಅವನ ದನಿ ಒಡೆಯಿತು. ಯಾರಿಗೂ ಯಾಕೆಂದು ತಿಳಿಯಲಿಲ್ಲ.

ಈ ಸಲ ನಂಬಿದರು. “ನಾನು ಅವತ್ತು ಅತ್ತಿದ್ನಲ್ರೀ!” ಎಂದರು ಅಕೌಂಟ್ಸ್ ಮೇಡಂ, ಮೋಸ ಹೋದವರ ಸಿಟ್ಟಿನಲ್ಲಿ. ಲ್ಯಾಬ್ ಹುಡುಗಿ, “ನಾನು ಎಷ್ಟು ಜನಕ್ಕೆ ಹೇಳಿದೀನಿ ಗೊತ್ತಾ ಅಣ್ಣ?” ಎಂದು ಕಿಟಕಿಯ ಕಡೆ ತಿರುಗಿದಳು. ಸ್ಟೋರ್ ಸಾಹೇಬರು ತಮ್ಮ ಎಂದಿನ ಬೈಗುಳಗಳಲ್ಲಿ ಒಂದನ್ನು ಆರಿಸಿ ಬೈದರು, ಮತ್ತು ಅಲ್ಲೇ ರಿಂಗ್‌ಟೋನು ಬದಲಾಯಿಸಿದರು. ಆ ವಾರ ಕಳೆಯುವಷ್ಟರಲ್ಲಿ ಅವನ ವ್ಯಾನಿನಲ್ಲೂ ಜನ ಬಾಯಿ ತೆರೆದು ನಿದ್ದೆ ಮಾಡತೊಡಗಿದರು. ಅವನು ಬರೀ ಡ್ರೈವರಾದ. ಆ ಹೆಸರು ಮೈಗೆ ಸರಿಯಾಗಿ ಕೂತಿದೆ ಎನಿಸಿತು ಅವನಿಗೆ.

ಇದನ್ನು ಮನೆಯಲ್ಲಿ ಹೇಳಿಕೊಳ್ಳಲಿಲ್ಲ. ಹೇಳಿದರೆ ಶಹಬಾಸ್‌ಗಿರಿ ಕೇಳಿದ ಹಾಗಾಗುತ್ತದೆಂದು ನಾಚಿಕೆ. ಮೇಜು ಕುಟ್ಟುವುದನ್ನೂ ಬಿಟ್ಟ. ಅವಳನ್ನು ಕರೆಯಬೇಕಾದರೆ ಸುತ್ತು ಬಳಸಿ ಕಿಟಕಿಯ ಕಡೆಯಿಂದ ಹೋಗಿ, ಅವಳಾಗಿ ತಲೆಯೆತ್ತುವ ತನಕ ನಿಲ್ಲುತ್ತಿದ್ದ. ಕೆಲವು ಸಲ ಬಹಳ ಹೊತ್ತಾಗುತ್ತಿತ್ತು. ನೋಡಿಯೂ ನೋಡದ ಹಾಗೆ ಅವಳು ಟೈಪ್ ಮಾಡುತ್ತಿದ್ದಳೇನೋ. ಕೇಳುವ ಧೈರ್ಯ ಅವನಿಗಿರಲಿಲ್ಲ.

ಹಾಗೆ ನಿಂತಿದ್ದ ಒಂದು ಸಂಜೆ ಅವಳು ಒಂದು ತುದಿಯನ್ನು ಕಿವಿಯಿಂದ ತೆಗೆದಳು.

“ಕಾಲು ನೋಯಲ್ವಾ ನಿಮಗೆ? ಕೂತ್ಕೊಳ್ಳಿ.”

ಸ್ಟೂಲು ಎಳೆದುಕೊಂಡು ಕೂತ. ಇಯರ್‌ಫೋನನ್ನು ಅವನ ಕಿವಿಗಿಡಲಿಲ್ಲ, ಅಂಗೈಗೆ ಕೊಟ್ಟಳು. ತಾನೇ ಇಟ್ಟುಕೊಂಡ. ವೈರು ಗಿಡ್ಡ, ತಲೆ ಹತ್ತಿರ ತರಲೇಬೇಕಾಯಿತು. ಅವಳು ಪೆಡಲು ಒತ್ತಿದಳು. ಏನೋ ಶುರುವಾಯಿತು. ತಂತಿಯದೋ ಗಾಳಿಯದೋ ಅವನಿಗೆ ಗೊತ್ತಾಗಲಿಲ್ಲ. ಅವಳು ಏನಾದರೂ ಹೇಳುತ್ತಾಳೆ ಎಂದು ಕಾದ. ಉಸಿರು ಕೇಳಿ ಎನ್ನುತ್ತಾಳೆ, ಇವನ ಬೀಗದಕೈ ಎನ್ನುತ್ತಾಳೆ. ಅವಳು ತುಟಿ ಬಿಚ್ಚಲಿಲ್ಲ. ಸಂಗೀತ ಏರಿತು, ಇಳಿಯಿತು, ಮುಗಿಯಿತು.

“ಏನು ಕೇಳಿಸ್ತು?” ಎಂದಳು, ಪರದೆಯನ್ನೇ ನೋಡುತ್ತ.

ಏನಾದರೂ ಒಂದು ಹೇಳಬಹುದಿತ್ತು. ಅವಳಿಂದಲೇ ಕಲಿತ ಮಾತು ಬೇಕಾದಷ್ಟಿದ್ದವು.

“ಏನೂ ಇಲ್ಲ,” ಎಂದ. ಮುಖ ಎತ್ತಲಾಗಲಿಲ್ಲ. “ನೀನು ಏನಾದ್ರೂ ಹೇಳ್ತೀಯೇನೋ ಅಂತ ಕಾಯ್ತಾ ಇದ್ದೆ. ಅದರಲ್ಲೇ ಮುಗಿದುಹೋಯ್ತು.”

ಅವಳು ತಿರುಗಿ ಅವನನ್ನು ನೋಡಿದಳು. ಬಹಳ ದಿನದ ಮೇಲೆ ನೋಡಿದಳು. ಆಮೇಲೆ ಹಿಮ್ಮಡಿಯಿಂದ ಪೆಡಲು ಒತ್ತಿ, ಸಂಗೀತವನ್ನು ಮೊದಲಿಗೆ ತಂದು ನಿಲ್ಲಿಸಿದಳು.